ಶೇಂಗಾ ಹಿಂಡಿ: ಒಂದೇ ಲೋಡು, ಎರಡು ರಿಪೋರ್ಟು. ಸ್ಯಾಂಪಲ್ ತೆಗೆಯುವ ಬಗ್ಗೆ ಮಾತಾಡೋಣ

ಟಗರು ಸಾಕಣೆ, ಚಳ್ಳಕೆರೆ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ಎಂಟು ವರ್ಷದಿಂದ ಟಗರು ಮರಿ ತಂದು ಮೇಯಿಸಿ ಮಾರುತ್ತಿದ್ದೇನೆ. ಹೆಚ್ಚಿನವು ಬಳ್ಳಾರಿ ತಳಿ. ಒಂದು ಸಲಕ್ಕೆ 60 ಮರಿ. ಜಂತಿನ ಔಷಧಿ ಕುಡಿಸಿ, ಇ.ಟಿ. (ಕರುಳು ಬೇನೆ) ಲಸಿಕೆ ಹಾಕಿಸಿ, ಎರಡು ವಾರ ಸ್ವಲ್ಪ ಸ್ವಲ್ಪವೇ ಕೈತಿಂಡಿ ರೂಢಿ ಮಾಡಿಸಿ, ಆಮೇಲೆ ದಿನಕ್ಕೆ 350 ಗ್ರಾಂವರೆಗೆ ಕೊಡುತ್ತೇನೆ. ಮೇಲೆ ಶೇಂಗಾ ಹೊಟ್ಟು, ತೊಗರಿ ಹೊಟ್ಟು, ಇದ್ದಷ್ಟು ಕುದುರೆ ಮೆಂತೆ. ತಿಂಡಿ ನಾನೇ ಕಲಸುತ್ತೇನೆ. 100 ಕೆಜಿಗೆ ಮೆಕ್ಕೆಜೋಳದ ನುಚ್ಚು 50, ಶೇಂಗಾ ಹಿಂಡಿ 20, ಗೋಧಿ ಬೂಸಾ 26, ಖನಿಜ ಮಿಶ್ರಣ 2, ಸುಣ್ಣಕಲ್ಲಿನ ಪುಡಿ 1, ಉಪ್ಪು 1. ಈ ಲೆಕ್ಕದಲ್ಲಿ ಪ್ರೋಟೀನ್ ನೂರಕ್ಕೆ 16ರಿಂದ 17 ಬರುತ್ತದೆ.

ಹೋದ ಸಲದ ಮರಿಗಳು ದಿನಕ್ಕೆ 120 ಗ್ರಾಂ ಆಸುಪಾಸು ತೂಕ ಬಂದವು. ಈ ಸಲ 50 ಗ್ರಾಂ ದಾಟಲಿಲ್ಲ. ಹದಿನೈದು ದಿನಕ್ಕೊಮ್ಮೆ ಬೆಳಿಗ್ಗೆ ಮೇವು ಹಾಕುವ ಮೊದಲು ಕೊಕ್ಕೆ ತಕ್ಕಡಿಗೆ ನೇತು ಹಾಕಿ ತೂಗುತ್ತೇನೆ, ಅದಕ್ಕೇ ಗೊತ್ತಾಯಿತು. ಕಣ್ಣಿಗೆ ಮರಿ ಚೆನ್ನಾಗೇ ಕಾಣುತ್ತಿತ್ತು.

ಬದಲಾಗಿದ್ದು ಹಿಂಡಿ ಮಾತ್ರ. ನಾನೂ ನಮ್ಮಣ್ಣನೂ ಸೇರಿ 12 ಚೀಲ ತಂದಿದ್ದೆವು. ಒಂದು ಚೀಲದ ಬಾಯಿ ಬಿಚ್ಚಿ, ಮೇಲಿಂದ ಒಂದು ಹಿಡಿ ತೆಗೆದು, ಪ್ಲಾಸ್ಟಿಕ್ ಕವರಲ್ಲಿ ಹಾಕಿ ಪರೀಕ್ಷೆಗೆ ಕಳಿಸಿದೆ. ಅಫ್ಲಾಟಾಕ್ಸಿನ್ (ಬೂಷ್ಟು ಬಿಡುವ ವಿಷ) 14 ಪಿಪಿಬಿ ಅಂತ ಬಂತು. ಪ್ರೋಟೀನ್ 42. ಇನ್ನೇನು ಬೇಕು ಅಂದುಕೊಂಡು ಅದೇ ಹಿಂಡಿ ತಿನ್ನಿಸುತ್ತಾ ಹೋದೆ.

ಮೂರು ವಾರ ಬಿಟ್ಟು ಐದನೇ ಚೀಲ ಬಿಚ್ಚಿದಾಗ ಒಳಗೆ ಮುಗ್ಗಲು ವಾಸನೆ. ಚಕ್ಕೆ ಮುರಿದು ನೋಡಿದರೆ ಪದರದ ಮಧ್ಯೆ ಹಸಿರು ಬೂಷ್ಟು, ಕೈಗೆ ಪುಡಿ ಅಂಟುತ್ತಿತ್ತು. ಆಗ ಉಳಿದ ಎಲ್ಲಾ ಚೀಲದಿಂದಲೂ ತೆಗೆದು, ಬೆರೆಸಿ, ಇನ್ನೊಂದು ಸ್ಯಾಂಪಲ್ ಕಳಿಸಿದೆ. ಅದೇ ಲ್ಯಾಬು, ಅದೇ ಲೋಡು. 310 ಪಿಪಿಬಿ. ಪ್ರೋಟೀನ್ 36, ಮರಳು 7.

ಮೊದಲ ರಿಪೋರ್ಟು ಸುಳ್ಳಲ್ಲ. ನಾನು ಕೊಟ್ಟ ಹಿಡಿಯನ್ನು ಅವರು ಸರಿಯಾಗೇ ಪರೀಕ್ಷೆ ಮಾಡಿದ್ದಾರೆ. ಆ ಹಿಡಿ 12 ಚೀಲದ ಮಾತು ಹೇಳಲಿಲ್ಲ, ಅಷ್ಟೇ. ಪರೀಕ್ಷೆ ಮಾಡಿಸಿ ಅಂತ ಎಲ್ಲರೂ ಹೇಳುತ್ತಾರೆ. ಸ್ಯಾಂಪಲ್ ಹೇಗೆ ತೆಗೆಯಬೇಕು ಅಂತ ನನಗೆ ಯಾರೂ ಹೇಳಿರಲಿಲ್ಲ. ನೀವೆಲ್ಲ ಹೇಗೆ ಮಾಡುತ್ತೀರಿ? ದಯವಿಟ್ಟು ಬರೆಯಿರಿ.

ಹೊಸದುರ್ಗದ ಹೊಸಬ

ಅಣ್ಣ, ಪಿಪಿಬಿ ಅಂದ್ರೆ ಎಷ್ಟು? 310 ಅಂದ್ರೆ ಜಾಸ್ತಿನಾ? ನಾನು ಈ ವರ್ಷ 20 ಮರಿಯಿಂದ ಶುರು ಮಾಡಿದ್ದೇನೆ.

ನಿವೃತ್ತ ಪಶುವೈದ್ಯ, ಚಿತ್ರದುರ್ಗ

ನೂರು ಕೋಟಿ ಪಾಲಿನಲ್ಲಿ ಒಂದು ಪಾಲು. ಲೆಕ್ಕಕ್ಕೆ ಸುಲಭವಾಗಿ ಹೇಳುವುದಾದರೆ, ಒಂದು ಟನ್ ಹಿಂಡಿಯಲ್ಲಿ ಒಂದು ಮಿಲಿಗ್ರಾಂ ಇದ್ದರೆ ಅದು 1 ಪಿಪಿಬಿ. ದನದ ಸಿದ್ಧ ಆಹಾರಕ್ಕೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಇಟ್ಟಿರುವ ಮಿತಿ 20. ಅಂದರೆ ಟನ್ನಿಗೆ 20 ಮಿಲಿಗ್ರಾಂ, ಒಂದು ಚಿಟಿಕೆಯೂ ಇಲ್ಲ. ಇವರ ಹಿಂಡಿಯಲ್ಲಿ 310 ಇದೆ. ಹೌದು, ಜಾಸ್ತಿ.

ಇದು ಆಸ್ಪರ್ಜಿಲಸ್ ಫ್ಲೇವಸ್ ಅನ್ನುವ ಬೂಷ್ಟು ಬಿಡುವ ವಿಷ. ಹೆಸರು ಬಂದಿದ್ದೂ ಅದರಿಂದಲೇ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕಿಂತ ಹೆಚ್ಚು ಟರ್ಕಿ ಕೋಳಿ ಮರಿಗಳು ಸತ್ತವು. ಕಾರಣ ಹುಡುಕುತ್ತಾ ಹೋದಾಗ ಸಿಕ್ಕಿದ್ದು ಬ್ರೆಜಿಲ್‌ನಿಂದ ತರಿಸಿದ್ದ ಶೇಂಗಾ ಹಿಂಡಿ. ಈ ವಿಷ ಜಗತ್ತಿಗೆ ಗೊತ್ತಾಗಿದ್ದೇ ಶೇಂಗಾ ಹಿಂಡಿಯಿಂದ.

ನಮ್ಮ ಕಡೆ ಇದು ಯಾಕೆ ಮುಖ್ಯ ಅಂದರೆ, ನಮ್ಮದು ಮಳೆ ನಂಬಿದ ಶೇಂಗಾ. ಕಾಯಿ ಬಲಿಯುವ ಹೊತ್ತಿಗೆ ಮಳೆ ಕೈಕೊಟ್ಟರೆ ಬೂಷ್ಟು ನೆಲದಲ್ಲೇ ಕಾಯಿಗೆ ಹತ್ತುತ್ತದೆ. ಕಿತ್ತ ಮೇಲೆ ಮಳೆ ಬಂದು ಬಣವೆ ನೆನೆದರೆ ಇನ್ನೂ ಜಾಸ್ತಿ. ತಿನ್ನುವ ಬೀಜ ಆರಿಸಿದ ಮೇಲೆ ಉಳಿದ ಮುರುಟು, ಮುಕ್ಕು, ಕಪ್ಪು ಬೀಜ ಗಾಣಕ್ಕೆ ಹೋಗುತ್ತದೆ. ಎಣ್ಣೆ ತೆಗೆದಾಗ ವಿಷದ ಬಹುಪಾಲು ಹಿಂಡಿಯಲ್ಲೇ ಉಳಿಯುತ್ತದೆ.

ಟಗರು ಸಾಕಣೆಯವರಿಗೆ ಒಂದು ಪ್ರಶ್ನೆ. ಮರಿಗಳು ತೊಟ್ಟಿಯಲ್ಲಿ ಬಿಟ್ಟ ತಿಂಡಿಯನ್ನು ತೂಗಿದ್ದಿರಾ?

ಟಗರು ಸಾಕಣೆ, ಚಳ್ಳಕೆರೆ ತಾಲ್ಲೂಕು

ತೂಗಿಲ್ಲ ಡಾಕ್ಟ್ರೇ. ಆದರೆ ಬಿಡುತ್ತಿದ್ದದ್ದು ನಿಜ. ಬೆಳಿಗ್ಗೆ ಹಾಕಿದ್ದರಲ್ಲಿ ಮೂರನೇ ಒಂದು ಭಾಗ ಮಧ್ಯಾಹ್ನವೂ ಹಾಗೇ ಇರುತ್ತಿತ್ತು. ಸಂಜೆ ಅದನ್ನೇ ಹೊಸ ತಿಂಡಿಗೆ ಬೆರೆಸಿ ಹಾಕುತ್ತಿದ್ದೆ.

ನಿವೃತ್ತ ಪಶುವೈದ್ಯ, ಚಿತ್ರದುರ್ಗ

ಹಾಗಾದರೆ ತೂಕ ಕಮ್ಮಿಯಾದದ್ದಕ್ಕೆ ಪೂರ್ತಿ ವಿಷವೇ ಕಾರಣ ಅನ್ನಬೇಡಿ. ಕುರಿ ಈ ವಿಷವನ್ನು ಕೋಳಿ, ಬಾತುಕೋಳಿಗಿಂತ ಚೆನ್ನಾಗಿ ತಡೆದುಕೊಳ್ಳುತ್ತದೆ. ನೀವು ಹಾಕಿದ್ದು 100ಕ್ಕೆ 20 ಪಾಲು ಹಿಂಡಿ. ಕಲಸಿದ ತಿಂಡಿಯಲ್ಲಿ 62 ಪಿಪಿಬಿ ಆಗುತ್ತದೆ. ಲಿವರಿಗೆ ಒಳ್ಳೆಯದಲ್ಲ, ಆದರೆ ಅದೊಂದರಿಂದಲೇ ತೂಕ ಅರ್ಧಕ್ಕಿಂತ ಕೆಳಗೆ ಬೀಳುವುದಿಲ್ಲ. ಮುಗ್ಗಲು ಹಿಡಿದದ್ದನ್ನು ಮರಿ ಮೂಸಿ ಬಿಟ್ಟಿದೆ. ತಿಂದದ್ದೇ ಕಮ್ಮಿ. ತಿಂದದ್ದರಲ್ಲೂ ಪ್ರೋಟೀನ್ ಕಮ್ಮಿ, ಮರಳು ಜಾಸ್ತಿ. ಹಳೆಯದಕ್ಕೆ ಹೊಸದನ್ನು ಬೆರೆಸಿದಾಗ ಹೊಸದೂ ಕೆಟ್ಟಿತು.

ಬಿಟ್ಟ ತಿಂಡಿಯನ್ನು ದಿನಾ ತೂಗಿ ಬರೆದಿಡಿ. ಯಾವ ಲ್ಯಾಬಿಗಿಂತ ಮೊದಲು ಸುದ್ದಿ ಕೊಡುವುದು ಅದೇ.

ಇನ್ನೊಂದು ವಿಷಯ, ಇದಕ್ಕೆ ತಕ್ಷಣ ಉತ್ತರ ಕೊಡಿ. ಆ 12 ಚೀಲದಲ್ಲಿ ಹಸುಗಳಿಗೆ ಯಾರಾದರೂ ಹಾಕಿದ್ದೀರಾ?

ಟಗರು ಸಾಕಣೆ, ಚಳ್ಳಕೆರೆ ತಾಲ್ಲೂಕು

ನಮ್ಮಣ್ಣನ ಮನೆಯಲ್ಲಿ ಎರಡು ಹಸು ಇವೆ. ಒಂದೊಂದಕ್ಕೆ ದಿನಕ್ಕೆ ಒಂದೂವರೆ ಕೆಜಿ ಹಿಂಡಿ ನೆನೆಸಿ ಇಡುತ್ತಾರೆ. ಒಂದೊಂದು ಎಂಟು ಲೀಟರ್ ಕೊಡುತ್ತದೆ.

ನಿವೃತ್ತ ಪಶುವೈದ್ಯ, ಚಿತ್ರದುರ್ಗ

ಇವತ್ತೇ ನಿಲ್ಲಿಸಿ. ಲೆಕ್ಕ ನೋಡಿ. ಒಂದು ಹಸುವಿಗೆ ಒಂದೂವರೆ ಕೆಜಿ ಅಂದರೆ 465 ಮೈಕ್ರೋಗ್ರಾಂ ವಿಷ ಹೊಟ್ಟೆಗೆ ಹೋಗುತ್ತದೆ. ಅದರಲ್ಲಿ ನೂರಕ್ಕೆ ಒಂದರಿಂದ ಮೂರು ಪಾಲು ರೂಪ ಬದಲಿಸಿ, ಅಫ್ಲಾಟಾಕ್ಸಿನ್ ಎಂ1 ಆಗಿ ಹಾಲಿಗೆ ಬರುತ್ತದೆ. ಎರಡು ಪಾಲು ಅಂತಲೇ ಹಿಡಿಯಿರಿ, 9 ಮೈಕ್ರೋಗ್ರಾಂ. ಎಂಟು ಲೀಟರಿಗೆ ಹಂಚಿದರೆ ಲೀಟರಿಗೆ ಒಂದಕ್ಕಿಂತ ಸ್ವಲ್ಪ ಹೆಚ್ಚು. ನಮ್ಮ ದೇಶದಲ್ಲಿ ಹಾಲಿಗೆ ಇರುವ ಮಿತಿ 0.5. ಎರಡು ಪಟ್ಟಿಗಿಂತ ಜಾಸ್ತಿ ಆಯಿತು. ಹಾಲು ಕಾಯಿಸಿದರೂ ಇದು ಹೋಗುವುದಿಲ್ಲ.

ಸಮಾಧಾನದ ಮಾತು ಒಂದಿದೆ. ಹಿಂಡಿ ನಿಲ್ಲಿಸಿದ ಮೂರು ನಾಲ್ಕು ದಿನದಲ್ಲಿ ಹಾಲಿನಲ್ಲಿ ಬಹಳ ಮಟ್ಟಿಗೆ ಇಳಿದುಬಿಡುತ್ತದೆ. ಒಂದು ವಾರ ಆ ಹಾಲನ್ನು ಮಕ್ಕಳಿಗೆ ಕೊಡಬೇಡಿ, ಡೇರಿಗೂ ಹಾಕಬೇಡಿ.

ಟಗರು ಸಾಕಣೆ, ಚಳ್ಳಕೆರೆ ತಾಲ್ಲೂಕು

ಈಗಲೇ ಅಣ್ಣನಿಗೆ ಫೋನ್ ಮಾಡಿ ಹೇಳಿದೆ. ಅವರ ಮನೆಯಲ್ಲಿ ಮೂರು ವರ್ಷದ ಮಗು ಇದೆ ಡಾಕ್ಟ್ರೇ. ಅದೇ ಹಾಲು ಕುಡಿದಿದೆ. ನನ್ನ ಕೈಯಲ್ಲಿ 14 ಅನ್ನುವ ರಿಪೋರ್ಟು ಇದ್ದದ್ದಕ್ಕೇ ಅವರೂ ಧೈರ್ಯವಾಗಿ ಹಾಕಿದ್ದರು. ಮರಿ ತೂಕದ ಚಿಂತೆಯಲ್ಲಿ ಹಾಲಿನ ಯೋಚನೆ ನನಗೆ ಬರಲೇ ಇಲ್ಲ. ನೀವು ಕೇಳಿದ್ದು ದೊಡ್ಡ ಉಪಕಾರ.

ಹೊನ್ನಾಳಿ ಹೈನು

ಅಣ್ಣ, ಗಾಬರಿ ಆಗಬೇಡಿ. ಇನ್ನು ಮುಂದೆ ಕೊಡದಿದ್ದರೆ ಆಯಿತು. ಮಗುವನ್ನು ಒಂದು ಸಲ ಡಾಕ್ಟರಿಗೆ ತೋರಿಸಿ, ಮನಸ್ಸಿಗೆ ಸಮಾಧಾನ ಆಗುತ್ತದೆ.

ಬಿಸಿಲಿಗೆ ಹಾಕಿ ಒಣಗಿಸಿದರೆ ಸರಿಹೋಗುತ್ತದೆ ಅಂತ ನಮ್ಮೂರಲ್ಲಿ ಎಲ್ಲರೂ ಹೇಳುತ್ತಾರೆ. ನಮ್ಮತ್ತೆ ಕುದಿಸಿ ಹಾಕು ಅನ್ನುತ್ತಾರೆ. ಎರಡರಿಂದಲೂ ಬೂಷ್ಟು ಸತ್ತರೂ ಅದು ಬಿಟ್ಟ ವಿಷ ಉಳಿದುಕೊಳ್ಳುತ್ತದೆ ಅಂತ ನಾನು ತರಬೇತಿಯಲ್ಲಿ ಕಲಿತಿದ್ದೆ. ಇದು ಸರೀನಾ ಸರ್?

ನಿವೃತ್ತ ಪಶುವೈದ್ಯ, ಚಿತ್ರದುರ್ಗ

ಸರಿಯಮ್ಮ. ಅಡುಗೆಮನೆಯ ಬಿಸಿಗೆ ಅದು ಜಗ್ಗುವುದಿಲ್ಲ. ಬೂಷ್ಟು ಉಜ್ಜಿ ತೆಗೆದು ಹಾಕುವುದೂ ಬೇಡ. ಕಣ್ಣಿಗೆ ಬೂಷ್ಟು ಕಾಣದ ಹಿಂಡಿಯಲ್ಲೂ ವಿಷ ಇರಬಹುದು, ಬೂಷ್ಟು ಕಂಡ ಎಲ್ಲದರಲ್ಲೂ ಇರಲೇಬೇಕು ಅಂತಲೂ ಇಲ್ಲ. ಎಲ್ಲಾ ಬೂಷ್ಟೂ ಈ ವಿಷ ಬಿಡುವುದಿಲ್ಲ. ಅದಕ್ಕೇ ಪರೀಕ್ಷೆ ಬೇಕು. ಕೆಲವರು ಯುವಿ ಲೈಟು ಬಿಟ್ಟು, ಹಸಿರು ಹಳದಿ ಹೊಳೆದರೆ ವಿಷ ಅನ್ನುತ್ತಾರೆ. ಅದು ಅನುಮಾನ ಹುಟ್ಟಿಸುವ ಪರೀಕ್ಷೆ ಮಾತ್ರ, ತೀರ್ಪು ಕೊಡುವ ಪರೀಕ್ಷೆ ಅಲ್ಲ.

ಹಿಂಡಿ ಬೂಸಾ ಅಂಗಡಿ, ದಾವಣಗೆರೆ

ನಾನು ಮಾರುವವನು. ನನ್ನ ಕಡೆಯ ಮಾತೂ ಕೇಳಿ. ಮಿಲ್ಲಿಂದ ಬಂದಾಗ ಬಿಸಿ ಆರದೆ ಚೀಲ ಕಟ್ಟಿದ್ದರೆ ಒಳಗೆ ಬೆವರುತ್ತದೆ. ಲಾರಿಯಲ್ಲಿ ಟಾರ್ಪಾಲು ಹರಿದಿದ್ದರೆ ಒಂದು ಮೂಲೆಯ ನಾಲ್ಕು ಚೀಲ ಮಾತ್ರ ನೆನೆಯುತ್ತವೆ. ಗೋದಾಮಿನಲ್ಲಿ ಗೋಡೆಗೆ ತಾಗಿದ ಸಾಲು ಬೇರೆ, ನಡುವಿನ ಸಾಲು ಬೇರೆ. ಒಂದೇ ಲೋಡಿನಲ್ಲಿ ಚೀಲಕ್ಕೆ ಚೀಲ ವ್ಯತ್ಯಾಸ ಬರುವುದು ಹೀಗೆ. ಅದಕ್ಕೇ ನಿಮಗೆ 14 ಮತ್ತು 310 ಎರಡೂ ಬಂದಿರಬಹುದು.

ಒಂದು ಮಾತು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಮನೆಗೆ ತಂದ ಮೇಲೆ ಎಲ್ಲಿ ಇಟ್ಟಿದ್ದಿರಿ?

ಟಗರು ಸಾಕಣೆ, ಚಳ್ಳಕೆರೆ ತಾಲ್ಲೂಕು

ಕೇಳಬೇಕಾದ ಪ್ರಶ್ನೆಯೇ ಅಣ್ಣ. ಶೆಡ್ಡಿನಲ್ಲಿ, ನೆಲದ ಮೇಲೆ ಹಳೇ ಚೀಲ ಹಾಸಿ ಇಟ್ಟಿದ್ದೆ. ಎರಡು ಚೀಲ ಗೋಡೆಗೆ ತಾಗಿದ್ದವು. ನಡುವೆ ಒಂದು ವಾರ ಜಡಿ ಮಳೆ ಬಂತು. ಹಾಗಾಗಿ ಅಂಗಡಿಯಲ್ಲೇ ಕೆಟ್ಟಿತ್ತೋ ನನ್ನ ಶೆಡ್ಡಿನಲ್ಲಿ ಕೆಟ್ಟಿತೋ ಈಗ ಹೇಳಲು ಆಗುವುದಿಲ್ಲ. ಅಂಗಡಿಯವರ ಜೊತೆ ಜಗಳಕ್ಕೆ ಹೋಗದಿದ್ದದ್ದೂ ಅದಕ್ಕೇ. ಮರಳು ಮಾತ್ರ ನನ್ನ ಶೆಡ್ಡಿನಲ್ಲಿ ಹುಟ್ಟಿದ್ದಲ್ಲ.

ಹಿಂಡಿ ಬೂಸಾ ಅಂಗಡಿ, ದಾವಣಗೆರೆ

ಇದಕ್ಕೆ ಒಂದು ದಾರಿ ಇದೆ. ದೊಡ್ಡ ಕೋಳಿ ಫಾರಂನವರು ನಮ್ಮ ಹತ್ತಿರ ಹಾಗೇ ಮಾಡುತ್ತಾರೆ. ಮಾಲು ಇಳಿಸುವ ದಿನವೇ ಸ್ಯಾಂಪಲ್ ತೆಗೆದು ಮೂರು ಪಾಕೀಟು ಮಾಡುತ್ತಾರೆ. ಒಂದು ಲ್ಯಾಬಿಗೆ, ಒಂದು ಅವರಿಗೆ, ಒಂದು ನಮಗೆ. ಮೂರಕ್ಕೂ ತಾರೀಖು, ಲಾರಿ ನಂಬರು, ಇಬ್ಬರ ಸಹಿ. ಆಮೇಲೆ ತಕರಾರು ಬಂದರೆ ಆ ದಿನದ ಪಾಕೀಟು ಮಾತಾಡುತ್ತದೆ. ರೈತರೂ ಕೇಳಿ. ಒಪ್ಪುವವನ ಹತ್ತಿರ ಕೊಳ್ಳಿ.

ಕೆಮಿಸ್ಟ್ರಿ ಮೇಷ್ಟ್ರು, ಹರಿಹರ

ಸ್ಯಾಂಪಲ್ ತೆಗೆಯುವ ಕ್ರಮ ಬರೆಯುತ್ತೇನೆ. ನಮ್ಮ ತಂದೆ ನಾಲ್ಕು ಎಮ್ಮೆ ಸಾಕಿದ್ದಾರೆ, ಮನೆಯಲ್ಲಿ ನಾನೇ ಮಾಡುವುದು.

12 ಚೀಲ ಇದ್ದರೆ ಹನ್ನೆರಡರಿಂದಲೂ ತೆಗೆಯಿರಿ. ಚೀಲ ಜಾಸ್ತಿ ಇದ್ದರೆ ಗೋಡೆ ಬದಿ, ನಡು, ತಳದ ಸಾಲು ಎಲ್ಲಾ ಬರುವ ಹಾಗೆ ಆರಿಸಿ. ಮಂಡಿಯಲ್ಲಿ ಚೀಲ ಚುಚ್ಚಿ ಕಾಳು ತೆಗೆಯುವ ಕಬ್ಬಿಣದ ಕೊಳವೆ ಇರುತ್ತದಲ್ಲ, ಬೂಸಾ, ಜೋಳ, ಪುಡಿ ಹಿಂಡಿಗೆ ಅದು ಸಾಕು. ಚಕ್ಕೆ ಹಿಂಡಿಗೆ ಅದು ಆಗುವುದಿಲ್ಲ. ಚೀಲ ಬಿಚ್ಚಿ ಮೇಲಿಂದ, ನಡುವಿಂದ, ತಳದಿಂದ ಒಂದೊಂದು ಚಕ್ಕೆ ತೆಗೆಯಿರಿ. ಚೆನ್ನಾಗಿರುವುದನ್ನೋ ಕೆಟ್ಟದ್ದನ್ನೋ ಹುಡುಕಿ ಆರಿಸಬೇಡಿ. ಕೈಗೆ ಸಿಕ್ಕಿದ್ದು ಬರಲಿ.

ಎಲ್ಲಾ ಸೇರಿ ನಾಲ್ಕೈದು ಕೆಜಿ ಆಗುತ್ತದೆ. ಅದನ್ನು ಕುಟ್ಟಿ ಕಡಲೆ ಬೇಳೆ ಗಾತ್ರಕ್ಕಿಂತ ಸಣ್ಣ ಮಾಡಿ. ಒಣ ಟಾರ್ಪಾಲಿನ ಮೇಲೆ ಗುಡ್ಡೆ ಹಾಕಿ. ಸಲಿಕೆಯಲ್ಲಿ ಒಂದು ಬದಿಯಿಂದ ತೆಗೆದು ಪಕ್ಕದಲ್ಲಿ ಇನ್ನೊಂದು ಗುಡ್ಡೆ ಮಾಡಿ, ಹೀಗೆ ಮೂರು ಸಲ. ಆಮೇಲೆ ಗುಡ್ಡೆಯ ತಲೆ ತಟ್ಟಿ ರೊಟ್ಟಿ ಹಾಗೆ ಅಗಲ ಮಾಡಿ, ಹಲಗೆಯಿಂದ ನಾಲ್ಕು ಭಾಗ ಮಾಡಿ. ಎದುರುಬದುರು ಎರಡು ಭಾಗ ಇಟ್ಟುಕೊಳ್ಳಿ, ಉಳಿದೆರಡು ತೆಗೆದುಬಿಡಿ. ಇಟ್ಟುಕೊಂಡದ್ದನ್ನು ಮತ್ತೆ ಗುಡ್ಡೆ ಮಾಡಿ, ಮತ್ತೆ ನಾಲ್ಕು ಭಾಗ. ಪ್ರೋಟೀನ್, ನಾರು, ಮರಳು ನೋಡಲು ಅರ್ಧ ಕೆಜಿ ಸಾಕು. ಅಫ್ಲಾಟಾಕ್ಸಿನ್‌ಗೆ ಅಷ್ಟು ಇಳಿಸಬೇಡಿ, ಎರಡು ಕೆಜಿಯಾದರೂ ಕಳಿಸಿ, ಅವರು ಪೂರ್ತಿ ಬೀಸಿ ಬೆರೆಸಲಿ. ಯಾಕೆ ಅಂದರೆ ಪ್ರೋಟೀನ್ ಎಲ್ಲಾ ಬೀಜದಲ್ಲೂ ಇರುತ್ತದೆ, ವಿಷ ಎಲ್ಲೋ ಕೆಲವು ಬೀಜದಲ್ಲಿ ವಿಪರೀತ ಇರುತ್ತದೆ. ಅಂಥ ಒಂದು ಚೂರು ನಿಮ್ಮ ಹಿಡಿಯಲ್ಲಿ ಬಂದರೆ ಒಂದು ಲೆಕ್ಕ, ಬರದಿದ್ದರೆ ಇನ್ನೊಂದು ಲೆಕ್ಕ.

ಒದ್ದೆ ಇದ್ದರೆ ಪ್ಲಾಸ್ಟಿಕ್ ಕವರಲ್ಲಿ ಹಾಕಿ ವಾರಗಟ್ಟಲೆ ಇಡಬೇಡಿ. ದಾರಿಯಲ್ಲೇ ಬೂಷ್ಟು ಬೆಳೆದು ಇಲ್ಲದ ವಿಷ ಹುಟ್ಟುತ್ತದೆ.

ಜಗಳೂರು ರೈತ

ಹಿಂಡಿ ಬಗ್ಗೆ ಇಷ್ಟು ಮಾತಾಡುತ್ತಿದ್ದೀರಿ, ತಿಂಡಿಯಲ್ಲಿ ಅರ್ಧ ಇರುವುದು ಮೆಕ್ಕೆಜೋಳ. ಅದಕ್ಕೂ ಈ ಬೂಷ್ಟು ಬರುತ್ತದೆ. ಕೊಯ್ಲಿನ ಹೊತ್ತಲ್ಲಿ ಕಣದಲ್ಲಿ, ರಸ್ತೆಯಲ್ಲಿ ಹಾಕಿದ ಜೋಳ ಮೇಲೆ ಒಣಗಿರುತ್ತದೆ, ಕಾಳಿನ ಒಳಗೆ ತೇವ ಇರುತ್ತದೆ. ತಿಂಗಳುಗಟ್ಟಲೆ ಇಡುವುದಾದರೆ ತೇವ ನೂರಕ್ಕೆ 12-13ಕ್ಕೆ ಇಳಿಯಬೇಕು.

ತೇವ ಅಳೆಯುವ ಮೀಟರ್ ಇಲ್ಲದವರಿಗೆ ಉಪ್ಪಿನ ಪರೀಕ್ಷೆ. ಒಣಗಿದ ಗಾಜಿನ ಬಾಟಲಿ ತಗೊಳ್ಳಿ. ಮೂರನೇ ಒಂದು ಭಾಗ ಕಾಳು ಹಾಕಿ. ಪುಡಿ ಉಪ್ಪನ್ನು ಹೆಂಚಿನ ಮೇಲೆ ಬೆಚ್ಚಗೆ ಮಾಡಿ ಆರಿಸಿ, ಎರಡು ಮೂರು ಚಮಚ ಹಾಕಿ ಮುಚ್ಚಳ ಬಿಗಿ ಮಾಡಿ. ಒಂದು ನಿಮಿಷ ಅಲ್ಲಾಡಿಸಿ, ಕಾಲು ಗಂಟೆ ಬಿಡಿ. ಉಪ್ಪು ಗಾಜಿಗೆ ಅಂಟಿದ್ದರೆ ತೇವ 15ಕ್ಕಿಂತ ಮೇಲಿದೆ. ಬಿಡಿಬಿಡಿಯಾಗಿ ಉದುರಿದರೆ ಅದಕ್ಕಿಂತ ಕೆಳಗಿದೆ. ನಾನು ನಾಲ್ಕು ವರ್ಷದಿಂದ ಮಾಡುತ್ತಿದ್ದೇನೆ.

ಇನ್ನೊಂದು, ಲೀಟರ್ ಪಾತ್ರೆಯ ತೂಕ. ಲೀಟರ್ ಅಳತೆಯ ಪಾತ್ರೆಗೆ ಕಾಳು ಸುರಿದು, ಮೇಲೆ ಕೋಲಿನಿಂದ ಸಮ ಮಾಡಿ ತೂಗಿ. ಒಳ್ಳೆ ಜೋಳ 720 ಗ್ರಾಂ ಸುತ್ತಮುತ್ತ ಬರುತ್ತದೆ. 650 ಬಂದರೆ ಕಾಳು ಜೊಳ್ಳು ಅಥವಾ ಹುಳು ತಿಂದಿದೆ. ಕಾಳು ನೋಡಲು ಹಳದಿಯಾಗಿ ಚೆಂದ ಇದ್ದರೂ ಸರಿ.

ಹೊಸದುರ್ಗದ ಹೊಸಬ

ಲ್ಯಾಬಿನವರು ಪ್ರೋಟೀನ್ 20 ಅಂತ ಕೊಟ್ಟರೆ ನಂಬಬಹುದಾ? ನಮ್ಮೂರಿಗೆ ಲಾರಿಯಲ್ಲಿ ಬರುವ ಹೆಸರಿಲ್ಲದ ಪುಡಿ ತಿಂಡಿ, ರಿಪೋರ್ಟು ತೋರಿಸಿ ಮಾರುತ್ತಾರೆ. ರೇಟು ಬಹಳ ಕಮ್ಮಿ.

ಕೆಮಿಸ್ಟ್ರಿ ಮೇಷ್ಟ್ರು, ಹರಿಹರ

ತಮ್ಮಾ, ಇದನ್ನು ಸರಿಯಾಗಿ ತಿಳಿದುಕೊ. ಲ್ಯಾಬಿನಲ್ಲಿ ಮಾಮೂಲಿಯಾಗಿ ಪ್ರೋಟೀನನ್ನು ನೇರವಾಗಿ ಅಳೆಯುವುದಿಲ್ಲ. ಸಾರಜನಕ ಅಳೆದು 6.25ರಿಂದ ಗುಣಿಸುತ್ತಾರೆ. ಪ್ರೋಟೀನಿನಲ್ಲಿ ನೂರಕ್ಕೆ 16 ಪಾಲು ಸಾರಜನಕ ಇರುತ್ತದೆ ಅನ್ನುವ ಲೆಕ್ಕ ಅದು. ಈಗ ಯೂರಿಯಾದಲ್ಲಿ 46 ಪಾಲು ಸಾರಜನಕ. 100 ಕೆಜಿ ತೌಡಿಗೆ ಒಂದು ಕೆಜಿ ಯೂರಿಯಾ ಬೆರೆಸಿದರೆ ರಿಪೋರ್ಟಿನಲ್ಲಿ ಪ್ರೋಟೀನ್ ಹತ್ತಿರ ಹತ್ತಿರ 3 ಮೇಲೇರುತ್ತದೆ. ರಿಪೋರ್ಟು ಸರಿಯೇ ಇರುತ್ತದೆ. ತಿಂಡಿ ಮಾತ್ರ ಬರೀ ತೌಡು.

ಮನೆಯಲ್ಲಿ ನೋಡುವುದು ಹೀಗೆ. ಹಸಿ ಸೋಯಾ ಕಾಳು ಬೀಸಿ ಪುಡಿ ಮಾಡು. ಹುರಿಯಬಾರದು, ಹುರಿದರೆ ಅದರ ಕಿಣ್ವ ಸಾಯುತ್ತದೆ. ತಿಂಡಿಯನ್ನು ನೀರಲ್ಲಿ ನೆನೆಸಿ ಬಟ್ಟೆಯಲ್ಲಿ ಸೋಸು. ಆ ತಿಳಿಗೆ ಒಂದು ಚಮಚ ಸೋಯಾ ಪುಡಿ ಹಾಕಿ, ಮುಚ್ಚಿ, ಅರ್ಧ ಗಂಟೆ ಬೆಚ್ಚಗಿನ ಜಾಗದಲ್ಲಿಡು. ಕೆಂಪು ಲಿಟ್ಮಸ್ ಕಾಗದ ಅದ್ದಿದರೆ ನೀಲಿಯಾಗುತ್ತದೆಯಾ ನೋಡು. ಮುಚ್ಚಳ ತೆಗೆದಾಗ ಕೊಟ್ಟಿಗೆಯಲ್ಲಿ ಗಂಜಲ ನಿಂತಾಗ ಬರುವ ಘಾಟು ಬಂದರೆ ಯೂರಿಯಾ ಇದೆ. ಪಕ್ಕದಲ್ಲಿ ಸೋಯಾ ಪುಡಿ ಹಾಕದ ಒಂದು ಲೋಟ ಇಟ್ಟುಕೊ, ಹೋಲಿಸಲು.

ಮರಳಿಗೆ: ಹತ್ತು ಗ್ರಾಂ ತಿಂಡಿಯನ್ನು ಹಳೇ ಕಬ್ಬಿಣದ ಸೌಟಿನಲ್ಲಿ ಹಾಕಿ ಹೊರಗೆ ಒಲೆಯ ಮೇಲೆ ಬೂದಿಯಾಗುವವರೆಗೆ ಸುಡು. ಆರಿದ ಮೇಲೆ ಗಾಜಿನ ಲೋಟಕ್ಕೆ ಸುರಿದು ಬಚ್ಚಲು ತೊಳೆಯುವ ಹೈಡ್ರೋಕ್ಲೋರಿಕ್ ಆಸಿಡ್ ಸ್ವಲ್ಪ ಸ್ವಲ್ಪ ಹಾಕು. ಜೋರಾಗಿ ನೊರೆ ಬಂದರೆ ಸುಣ್ಣದ ಪುಡಿ ಇದೆ. ನೊರೆ ನಿಂತ ಮೇಲೂ ತಳದಲ್ಲಿ ಕರಗದೆ ಉಳಿದು, ಕಡ್ಡಿಯಲ್ಲಿ ಕಲಕಿದರೆ ಗಾಜಿಗೆ ಕರಕರ ಅನ್ನುವುದು ಮರಳು. ಕಣ್ಣು ಜೋಪಾನ. ಮಕ್ಕಳು ಹತ್ತಿರ ಬೇಡ.

ಮೊಳಕಾಲ್ಮೂರು ಹಟ್ಟಿ

ಯೂರಿಯಾ ವಿಷಯ ಬಂತಲ್ಲ, ಹೇಳಲೇಬೇಕು. ಎರಡು ವರ್ಷದ ಹಿಂದೆ ನಮ್ಮ ರೊಪ್ಪದಲ್ಲಿ ಇಂಥದೇ ಕಮ್ಮಿ ರೇಟಿನ ತಿಂಡಿ ಹಾಕಿದೆವು. ಹಿಂದಿನ ದಿನ ಮಳೆಗೆ ಕುರಿ ಮೇಯಲು ಹೋಗಿರಲಿಲ್ಲ, ಹೊಟ್ಟೆ ಖಾಲಿ. ಅರ್ಧ ಗಂಟೆಯಲ್ಲಿ ಹೊಟ್ಟೆ ಉಬ್ಬಿ, ಬಾಯಲ್ಲಿ ನೊರೆ, ಕಾಲು ನಡುಕ. ಐದು ಕುರಿ ಹೋದವು. ಡಾಕ್ಟರು ಫೋನಿನಲ್ಲೇ ವಿನೆಗರ್ ತಣ್ಣೀರಲ್ಲಿ ಕಲಸಿ ಕುಡಿಸಿ ಅಂದರು. ಹಟ್ಟಿಯಲ್ಲಿ ವಿನೆಗರ್ ಎಲ್ಲಿಂದ ತರೋದು? ಹುಡುಗ ಬೈಕಲ್ಲಿ ಹೋಗಿ ತರುವಷ್ಟರಲ್ಲಿ ಮೂರು ಬಿದ್ದಿದ್ದವು. ಈಗ ರೊಪ್ಪದ ಪಕ್ಕದ ಗುಡಿಸಲಲ್ಲಿ ಎರಡು ಬಾಟಲಿ ಯಾವಾಗಲೂ ಇರುತ್ತವೆ.

ನಿವೃತ್ತ ಪಶುವೈದ್ಯ, ಚಿತ್ರದುರ್ಗ

ಓದಿ ಸಂಕಟ ಆಯಿತು. ಯೂರಿಯಾ ಹೊಟ್ಟೆಯಲ್ಲಿ ಅಮೋನಿಯಾ ಆಗುತ್ತದೆ, ಹುಳಿ ಅದನ್ನು ತಡೆಯುತ್ತದೆ. ಎಲ್ಲರೂ ಎರಡು ಬಾಟಲಿ ಇಟ್ಟುಕೊಳ್ಳಿ.

ಲ್ಯಾಬಿಗೆ ಕಳಿಸುವಾಗ ಪ್ರೋಟೀನ್ ಒಂದನ್ನೇ ಕೇಳಬೇಡಿ. ತೇವ, ನಾರು, ಕೊಬ್ಬು, ಬೂದಿ, ಆಸಿಡ್‌ನಲ್ಲಿ ಕರಗದ ಬೂದಿ (ಅಂದರೆ ಮರಳು), ಯೂರಿಯಾ, ಅಫ್ಲಾಟಾಕ್ಸಿನ್ ಬಿ1. ಬೆಂಗಳೂರಿನ ಆಡುಗೋಡಿಯಲ್ಲಿ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆ ಇದೆ. 1995ರಿಂದ ಇದೇ ವಿಷಯದ ಮೇಲೆ ಕೆಲಸ ಮಾಡುತ್ತಿರುವ ಸಂಸ್ಥೆ. ಶಿವಮೊಗ್ಗ ಮತ್ತು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜುಗಳಲ್ಲಿ ಪಶು ಆಹಾರ ವಿಭಾಗಗಳಿವೆ. ಹಿರಿಯೂರು ಬಬ್ಬೂರು ಫಾರಂ ಕೃಷಿ ವಿಜ್ಞಾನ ಕೇಂದ್ರ, ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರದವರನ್ನು ಕೇಳಿದರೆ ಎಲ್ಲಿಗೆ ಕಳಿಸಬೇಕು ಅಂತ ದಾರಿ ತೋರಿಸುತ್ತಾರೆ. ಸ್ಯಾಂಪಲ್ ಹಿಡಿದು ಬಸ್ ಹತ್ತುವ ಮೊದಲು ಫೋನ್ ಮಾಡಿ, ಯಾವ ಪರೀಕ್ಷೆ ಮಾಡುತ್ತಾರೆ, ಎಷ್ಟು ತರಬೇಕು, ಫೀಸು ಎಷ್ಟು ಅಂತ ಕೇಳಿಕೊಳ್ಳಿ.

ಹೊನ್ನಾಳಿ ಹೈನು

ರಿಪೋರ್ಟು ಓದುವಾಗ ನಾನು ಎಡವಿದ ಜಾಗ ಹೇಳುತ್ತೇನೆ. ಮೆಕ್ಕೆಜೋಳದ ಸೈಲೇಜ್ (ಹಸಿರಾಗಿ ಕತ್ತರಿಸಿ ಹುಳಿ ಬರಿಸಿದ ಮೇವು) ರಿಪೋರ್ಟಿನಲ್ಲಿ ಪ್ರೋಟೀನ್ 8 ಅಂತ ಇತ್ತು. ಒಂದು ಕೆಜಿ ಸೈಲೇಜ್‌ನಲ್ಲಿ 80 ಗ್ರಾಂ ಅಂತ ಲೆಕ್ಕ ಹಾಕಿ ಹಿಂಡಿ ಕಮ್ಮಿ ಮಾಡಿದೆ. ಹಾಲು ಇಳಿಯಿತು. ಆಮೇಲೆ ನೋಡಿದರೆ ಅದು ಒಣ ಲೆಕ್ಕದ 8. ಸೈಲೇಜ್‌ನಲ್ಲಿ ನೂರಕ್ಕೆ 70 ನೀರು. ಒಂದು ಕೆಜಿಯಲ್ಲಿ ಒಣ ಪದಾರ್ಥ 300 ಗ್ರಾಂ, ಅದರ 8 ಪಾಲು ಅಂದರೆ 24 ಗ್ರಾಂ ಮಾತ್ರ. ರಿಪೋರ್ಟಿನ ಮೂಲೆಯಲ್ಲಿ ಒಣ ಲೆಕ್ಕವೋ ಹಸಿ ಲೆಕ್ಕವೋ ಬರೆದಿರುತ್ತಾರೆ, ಮೊದಲು ಅದನ್ನು ಓದಿ.

ಸೈಲೇಜ್ ತೇವಕ್ಕೆ ಕೈ ಹಿಂಡಿ ನೋಡುವುದೇ ಸುಲಭ. ಒಂದು ಹಿಡಿಯನ್ನು ಅರ್ಧ ನಿಮಿಷ ಬಿಗಿಯಾಗಿ ಹಿಂಡಿ ಕೈ ಬಿಡಿ. ನೀರು ತೊಟ್ಟಿಕ್ಕಿದರೆ ತೇವ ಜಾಸ್ತಿ. ಉಂಡೆ ನಿಧಾನಕ್ಕೆ ಬಿಚ್ಚಿಕೊಂಡರೆ ಹದ. ತಕ್ಷಣ ಉದುರಿದರೆ ಒಣಗಿದೆ. ವಾಸನೆ ಹುಳಿಮೊಸರಿನ ಹಾಗಿರಬೇಕು. ಕೆಟ್ಟ ತುಪ್ಪದ ವಾಸನೆ ಬಂದರೆ ನಾನು ತಗೊಳ್ಳುವುದಿಲ್ಲ.

ಹೊಸದುರ್ಗದ ಹೊಸಬ

ಅಣ್ಣ, ನಿಮ್ಮ ತಿಂಡಿಯಲ್ಲಿ ಸುಣ್ಣಕಲ್ಲಿನ ಪುಡಿ ಯಾಕೆ? ಮೇಷ್ಟ್ರು ಅದನ್ನು ಕಲಬೆರಕೆ ಅಂದರಲ್ಲ.

ಟಗರು ಸಾಕಣೆ, ಚಳ್ಳಕೆರೆ ತಾಲ್ಲೂಕು

ಒಳ್ಳೆ ಪ್ರಶ್ನೆ ತಮ್ಮಾ. ನಾನು 100ಕ್ಕೆ 1 ಹಾಕುವುದು ಔಷಧಿ ಇದ್ದ ಹಾಗೆ. ಅವರು ತೂಕಕ್ಕೆ ಅಂತ ಹತ್ತು ಹಾಕಿದರೆ ಕಲಬೆರಕೆ. ಮೆಕ್ಕೆಜೋಳ, ಬೂಸಾ ಎರಡರಲ್ಲೂ ರಂಜಕ ಜಾಸ್ತಿ, ಕ್ಯಾಲ್ಸಿಯಂ ಬಹಳ ಕಮ್ಮಿ. ಹಾಗೇ ತಿನ್ನಿಸಿದರೆ ಟಗರಿಗೆ ಮೂತ್ರದಲ್ಲಿ ಕಲ್ಲು ಕಟ್ಟುತ್ತದೆ. ಬೆನ್ನು ಬಗ್ಗಿಸಿ ತಿಣುಕುತ್ತಾ ನಿಲ್ಲುತ್ತದೆ, ಹನಿ ಹನಿ ಬರುತ್ತದೆ, ಹೊಟ್ಟೆಗೆ ಕಾಲಲ್ಲಿ ಒದ್ದುಕೊಳ್ಳುತ್ತದೆ. ಮೊದಲ ವರ್ಷ ಎರಡು ಟಗರು ಹೀಗೆ ಕಳೆದುಕೊಂಡೆ. ರಂಜಕ ಒಂದಿದ್ದರೆ ಕ್ಯಾಲ್ಸಿಯಂ ಎರಡು ಇರಬೇಕು ಅಂತ ಆಮೇಲೆ ಕಲಿತೆ. ಉಪ್ಪು ಹಾಕಿದರೆ ನೀರು ಚೆನ್ನಾಗಿ ಕುಡಿಯುತ್ತವೆ, ಅದೂ ಒಳ್ಳೆಯದು.

ನಿವೃತ್ತ ಪಶುವೈದ್ಯ, ಚಿತ್ರದುರ್ಗ

ಖನಿಜ ಮಿಶ್ರಣ ಕುರಿಗೆ ಅಂತಲೇ ಮಾಡಿದ್ದು ತಗೊಳ್ಳಿ. ದನದ್ದರಲ್ಲಿ ತಾಮ್ರ ಜಾಸ್ತಿ. ಕುರಿಯ ಲಿವರಿನಲ್ಲಿ ಅದು ಕೂಡಿಕೊಳ್ಳುತ್ತಾ ಹೋಗಿ ಒಂದು ದಿನ ಕೆಂಪು ಮೂತ್ರ ಬಂದು ಬೀಳುತ್ತದೆ.

ಮೊಳಕಾಲ್ಮೂರು ಹಟ್ಟಿ

ಕೆಟ್ಟ ಹಿಂಡಿಯನ್ನು ಏನು ಮಾಡಿದಿರಿ ಅಣ್ಣ? ನಮ್ಮ ಕಡೆ ಕಮ್ಮಿ ರೇಟಿಗೆ ಕೊಳ್ಳುವವರು ಇದ್ದಾರೆ.

ಟಗರು ಸಾಕಣೆ, ಚಳ್ಳಕೆರೆ ತಾಲ್ಲೂಕು

ಮಾರಲಿಲ್ಲ. ಕೊಂಡವನು ಯಾವುದೋ ಮನೆಯ ಹಸುವಿಗೆ ಹಾಕುತ್ತಾನೆ, ಆ ಮನೆಯಲ್ಲೂ ಮಗು ಇರುತ್ತದೆ. ಏಳು ಚೀಲ ಉಳಿದಿತ್ತು. ಮೂಗಿಗೆ ಬಟ್ಟೆ ಕಟ್ಟಿಕೊಂಡು, ದೊಡ್ಡಿಯಿಂದ ದೂರದ ತಿಪ್ಪೆಯಲ್ಲಿ ಸಗಣಿ ಜೊತೆ ಪದರ ಪದರವಾಗಿ ಹಾಕಿ ಮುಚ್ಚಿದೆವು. ಕೊಳೆತ ಮೇಲೆ ಶೇಂಗಾ ಹೊಲ ಬಿಟ್ಟು ಬೇರೆ ಹೊಲಕ್ಕೆ ಹೊಡೆಯುತ್ತೇವೆ. ನಷ್ಟ ಆಯಿತು, ನಿಜ.

ಮಗು ಚೆನ್ನಾಗಿದೆ. ಡಾಕ್ಟರಿಗೆ ತೋರಿಸಿಕೊಂಡು ಬಂದರು.

ಟಗರು ಸಾಕಣೆ, ಚಳ್ಳಕೆರೆ ತಾಲ್ಲೂಕು (ಹತ್ತು ದಿನದ ನಂತರ)

ಕೇಳಿದವರಿಗೆ ಸುದ್ದಿ. ಹೊಸ ಹಿಂಡಿ ತಂದೆವು. ಈ ಸಲ ನಮ್ಮೂರಿನ ಏಳು ಮನೆಯವರು ಸೇರಿ ಒಂದೇ ಕಡೆ 30 ಚೀಲ ಕೊಂಡೆವು. ಪರೀಕ್ಷೆ ಫೀಸು ಏಳು ಪಾಲಾಯಿತು, ಒಬ್ಬೊಬ್ಬರಿಗೆ ಭಾರ ಅನ್ನಿಸಲಿಲ್ಲ. ಅಂಗಡಿಯವರಿಗೆ ಮೂರು ಪಾಕೀಟಿನ ಮಾತು ಹೇಳಿದಾಗ ಮೊದಲು ಮುಖ ಸಪ್ಪೆ ಮಾಡಿದರು, ಆಮೇಲೆ ಸಹಿ ಹಾಕಿದರು. ಮೇಷ್ಟ್ರು ಹೇಳಿದ ಹಾಗೆ ಟಾರ್ಪಾಲು ಹಾಸಿ, ಗುಡ್ಡೆ ಮಾಡಿ, ನಾಲ್ಕು ಭಾಗ ಮಾಡಿದೆವು. ಪೂರ್ತಿ ಮುಗಿಯಲು ಒಂದೂವರೆ ಗಂಟೆ ಹಿಡಿಯಿತು. ಅಫ್ಲಾಟಾಕ್ಸಿನ್ 11, ಪ್ರೋಟೀನ್ 41, ಮರಳು 2.

ಚೀಲಗಳನ್ನು ಮರದ ಹಲಗೆ ಮೇಲೆ, ಗೋಡೆಯಿಂದ ಒಂದು ಮೊಳ ಬಿಟ್ಟು ಇಟ್ಟಿದ್ದೇವೆ. ಮರಿಗಳು ನಿನ್ನೆ ಬಿಟ್ಟ ತಿಂಡಿ, 60 ಮರಿಗೆ ಸೇರಿ 400 ಗ್ರಾಂ. ತೂಕ ಮುಂದಿನ ವಾರ ನೋಡುತ್ತೇನೆ.

ಹೊಸದುರ್ಗದ ಹೊಸಬ

ಅಣ್ಣ, ಮುಂದಿನ ಸಲ ಚೀಲ ತರುವ ದಿನ ಹೇಳಿ. ಬಂದು ನೋಡಿಕೊಂಡು ಹೋಗುತ್ತೇನೆ.

ಟಗರು ಸಾಕಣೆ, ಚಳ್ಳಕೆರೆ ತಾಲ್ಲೂಕು

ಬಾ ತಮ್ಮಾ. ಬರುವಾಗ ನಿನ್ನ ಲಾರಿ ತಿಂಡಿಯದ್ದೂ ಎಲ್ಲಾ ಚೀಲದಿಂದ ತೆಗೆದು ಎರಡು ಕೆಜಿ ತಗೊಂಡು ಬಾ. ಹಸಿ ಸೋಯಾ ಪುಡಿ ನಮ್ಮನೆಯಲ್ಲಿದೆ.